ಶಾಸನ ಕೋಷ್ಟಕಗಳ ವರ್ಗೀಕರಣ ಮತ್ತು ಅನುಕ್ರಮ: ಗಣಕ ಭಾಷೆಯಲ್ಲಿ ಕನ್ನಡ ದತ್ತಾಂಶದ ಜೋಡಣೆ

1. ಪೀಠಿಕೆ

ಸಾಮಗ್ರಿಯನ್ನು ಗುಂಪುಗಳಾಗಿ ವಿಂಗಡಿಸುವುದು ಹಾಗೂ ಒಂದು ಅನುಕ್ರಮದಲ್ಲಿ ಜೋಡಿಸುವುದು ಕನ್ನಡ ವಿದ್ವತ್ತಿಗೆ ಹೊಸ ಸಂಗತಿಯಲ್ಲ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಶಬ್ದಗಳನ್ನು ಪ್ರತ್ಯೇಕಿಸಿ ಪಟ್ಟಿಮಾಡಿದುದು ಒಂದು ವರ್ಗೀಕರಣವೇ ಆಗಿದೆ. ಬಿ.ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಸಂಪುಟದೊಡನೆ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ ಮೈಸೂರು ಸೀಮೆಯ ಸಂಪುಟಗಳಲ್ಲಿ ಶಾಸನಗಳನ್ನು ಜಿಲ್ಲೆ ಮತ್ತು ತಾಲ್ಲೂಕುಗಳ ಆಧಾರದಿಂದ ಗುಂಪುಗೂಡಿಸಿ, ಪ್ರತಿ ತಾಲ್ಲೂಕಿನಲ್ಲಿಯೂ ಕ್ರಮಸಂಖ್ಯೆಯನ್ನು ನೀಡಲಾಯಿತು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯಲ್ಲಾದರೋ ಕವಿಗಳು ಕಾಲಾನುಕ್ರಮದಲ್ಲಿ ಬರುತ್ತಾರೆ. ಒಂದೇ ಸಾಮಗ್ರಿಯನ್ನು ಸ್ಥಳದಿಂದ ಜೋಡಿಸಿದಾಗ ಕಾಣುವ ಸತ್ಯ ಬೇರೆ, ಕಾಲದಿಂದ ಜೋಡಿಸಿದಾಗ ಕಾಣುವ ಸತ್ಯ ಬೇರೆ ಎಂಬುದನ್ನು ಈ ಗ್ರಂಥಗಳ ಬಳಕೆದಾರರೆಲ್ಲರೂ ಬಲ್ಲರು.

ಇಂದು ಈ ಕೆಲಸವನ್ನು ಗಣಕಯಂತ್ರದ ಮೂಲಕ ಮಾಡಿಸುವುದು ಸಾಮಾನ್ಯವಾಗಿದೆ. ಸಾವಿರಾರು ಸಾಲುಗಳಿರುವ ಕೋಷ್ಟಕವನ್ನು ಯಂತ್ರವು ಕ್ಷಣಾರ್ಧದಲ್ಲಿ ಗುಂಪುಗೂಡಿಸುತ್ತದೆ. ಆದರೆ ಹೀಗೆ ಮಾಡುವಾಗ ಅದು ಕೆಲವು ತೀರ್ಮಾನಗಳನ್ನು ನಮ್ಮನ್ನು ಕೇಳದೆಯೇ ಕೈಗೊಳ್ಳುತ್ತದೆ. ಈ ತೀರ್ಮಾನಗಳು ಯಾವುವು, ಅವು ಕನ್ನಡ ಸಂಶೋಧನೆಯ ಫಲಿತಾಂಶವನ್ನು ಹೇಗೆ ಬದಲಿಸಬಲ್ಲವು, ಅವುಗಳನ್ನು ಸಂಶೋಧಕನು ತನ್ನ ಹತೋಟಿಗೆ ತಂದುಕೊಳ್ಳುವ ಬಗೆ ಯಾವುದು ಎಂಬುದನ್ನು ಒಂದು ಚಿಕ್ಕ ಶಾಸನ ಕೋಷ್ಟಕದ ನೆರವಿನಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉದಾಹರಣೆಗಾಗಿ ಪೈಥಾನ್ ಭಾಷೆಯನ್ನೂ, ಕೋಷ್ಟಕಗಳ ನಿರ್ವಹಣೆಗಾಗಿ ಅದರಲ್ಲಿ ಬಳಕೆಯಲ್ಲಿರುವ ಪಾಂಡಾಸ್ ಎಂಬ ಸಾಧನ ಸಂಗ್ರಹವನ್ನೂ ಆರಿಸಿಕೊಳ್ಳಲಾಗಿದೆ. ಪಾಂಡಾಸ್‌ನ ರಚನೆಯನ್ನು ವೆಸ್ ಮೆಕಿನ್ನಿ ಅವರು 2008ರಲ್ಲಿ ಆರಂಭಿಸಿದರು. ಇದು ಮುಕ್ತವಾಗಿ ದೊರೆಯುತ್ತದೆ.

2. ಉದಾಹರಣೆಯ ಕೋಷ್ಟಕ

ಚರ್ಚೆಯ ಅನುಕೂಲಕ್ಕಾಗಿ ಏಳು ಪ್ರಸಿದ್ಧ ಶಾಸನಗಳನ್ನು ತೆಗೆದುಕೊಳ್ಳಬಹುದು. ಪ್ರತಿ ಶಾಸನಕ್ಕೂ ಒಂದು ಸಾಲು. ಸ್ಥಳ, ಜಿಲ್ಲೆ, ರಾಜವಂಶ, ಶಕವರ್ಷ ಎಂಬ ನಾಲ್ಕು ಅಂಕಣಗಳು.

ಹಲ್ಮಿಡಿ | ಹಾಸನ | ಕದಂಬ | (ಇಲ್ಲ)
ಬಾದಾಮಿ | ಬಾಗಲಕೋಟೆ | ಚಾಲುಕ್ಯ | 465
ಐಹೊಳೆ | ಬಾಗಲಕೋಟೆ | ಚಾಲುಕ್ಯ | 556
ಆತಕೂರು | ಮಂಡ್ಯ | ರಾಷ್ಟ್ರಕೂಟ, ಗಂಗ | 872
ಲಕ್ಕುಂಡಿ | ಗದಗ | ಚಾಲುಕ್ಯ | 929
ಬೇಲೂರು | ಹಾಸನ | ಹೊಯ್ಸಳ | 1039
ಶ್ರವಣಬೆಳಗೊಳ | ಹಾಸನ | ವಿಜಯನಗರ | 1290

ಇಲ್ಲಿ ಬಾದಾಮಿಯದು ಒಂದನೆಯ ಪುಲಕೇಶಿಯ ಬಂಡೆಯ ಶಾಸನ. ಐಹೊಳೆಯದು ರವಿಕೀರ್ತಿಯ ಪ್ರಶಸ್ತಿ. ಲಕ್ಕುಂಡಿಯದು ಅತ್ತಿಮಬ್ಬೆಗೆ ಸಂಬಂಧಿಸಿದುದು. ಬೇಲೂರಿನದು ವಿಷ್ಣುವರ್ಧನನ ಕಾಲದ್ದು. ಶ್ರವಣಬೆಳಗೊಳದ್ದು ಜೈನರಿಗೂ ಶ್ರೀವೈಷ್ಣವರಿಗೂ ನಡುವಿನ ವಿವಾದವನ್ನು ಬುಕ್ಕರಾಯನು ಪರಿಹರಿಸಿದುದನ್ನು ತಿಳಿಸುವಂಥದು. ಹಲ್ಮಿಡಿ ಶಾಸನದಲ್ಲಿ ಶಕವರ್ಷದ ಉಲ್ಲೇಖವಿಲ್ಲ. ಲಿಪಿ ಮತ್ತು ಭಾಷೆಯ ಆಧಾರದಿಂದ ಅದನ್ನು ಸುಮಾರು ಕ್ರಿ.ಶ. 450ಕ್ಕೆ ಸೇರಿಸುವುದು ರೂಢಿ. ಈ ಖಾಲಿ ಸ್ಥಾನವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

3. ಅನುಕ್ರಮಗೊಳಿಸುವಿಕೆ: ಸಂಖ್ಯೆಯೋ ಅಕ್ಷರವೋ

ಪಾಂಡಾಸ್‌ನಲ್ಲಿ ಸಾಲುಗಳನ್ನು ಒಂದು ಅಂಕಣದ ಆಧಾರದಿಂದ ಜೋಡಿಸುವ ಆದೇಶಕ್ಕೆ ಸಾರ್ಟ್ ವ್ಯಾಲ್ಯೂಸ್ ಎಂದು ಹೆಸರು. ಶಕವರ್ಷದ ಅಂಕಣವನ್ನು ಸಂಖ್ಯೆಯೆಂದು ದಾಖಲಿಸಿದ್ದರೆ ಫಲಿತಾಂಶ ನಿರೀಕ್ಷಿಸಿದಂತೆ ಬರುತ್ತದೆ. ಆದರೆ ಆ ಅಂಕಣದಲ್ಲಿ ಎಲ್ಲಿಯಾದರೂ ‘ಸು. 372’ ಎಂಬಂತಹ ಒಂದು ಬರೆಹ ಸೇರಿಕೊಂಡಿದ್ದರೂ ಇಡೀ ಅಂಕಣವನ್ನು ಪಠ್ಯವೆಂದು ಓದಿಕೊಳ್ಳುವ ಸಂಭವವುಂಟು. ಪಠ್ಯವನ್ನು ಹೋಲಿಸುವಾಗ ಯಂತ್ರವು ಮೊದಲ ಚಿಹ್ನೆಯನ್ನು ಮೊದಲ ಚಿಹ್ನೆಯೊಡನೆ ಹೋಲಿಸುತ್ತದೆ. ಆಗ ಆರು ಶಕವರ್ಷಗಳು 1039, 1290, 465, 556, 872, 929 ಎಂಬ ಕ್ರಮದಲ್ಲಿ ನಿಲ್ಲುತ್ತವೆ. ಹೊಯ್ಸಳ, ವಿಜಯನಗರಗಳು ಬಾದಾಮಿ ಚಾಲುಕ್ಯರಿಗಿಂತ ಹಿಂದಿನವಾಗಿ ಕಾಣಿಸುತ್ತವೆ. ಏಳು ಸಾಲುಗಳಲ್ಲಿ ಈ ಅಸಂಬದ್ಧತೆ ಕಣ್ಣಿಗೆ ಬೀಳುತ್ತದೆ. ಏಳು ಸಾವಿರ ಸಾಲುಗಳಲ್ಲಿ ಬೀಳುವುದಿಲ್ಲ. ಆದುದರಿಂದ ಅನುಕ್ರಮಗೊಳಿಸುವ ಮೊದಲು ಅಂಕಣದ ಪ್ರಕಾರವನ್ನು ಪರೀಕ್ಷಿಸುವುದು ಅಗತ್ಯ. ಕನ್ನಡ ಅಂಕಿಗಳಲ್ಲಿ ೪೬೫ ಎಂದು ದಾಖಲಿಸಿದ್ದರೂ ಚಿಂತೆಯಿಲ್ಲ; ಪೈಥಾನ್‌ನ ಪೂರ್ಣಾಂಕ ಪರಿವರ್ತನೆಯು ಕನ್ನಡ ಅಂಕಿಗಳನ್ನೂ ಸಂಖ್ಯೆಯಾಗಿ ಗ್ರಹಿಸುತ್ತದೆ.

ಸಂಖ್ಯೆಯಾಗಿ ಪರಿವರ್ತಿಸಿದ ಮೇಲೆಯೂ ಹಲ್ಮಿಡಿಯ ಸ್ಥಾನ ಪ್ರಶ್ನೆಯಾಗಿಯೇ ಉಳಿಯುತ್ತದೆ. ಮೌಲ್ಯವಿಲ್ಲದ ಸಾಲನ್ನು ಪಾಂಡಾಸ್ ತಾನಾಗಿಯೇ ಪಟ್ಟಿಯ ಕೊನೆಗೆ ಕಳುಹಿಸುತ್ತದೆ. ಹೀಗಾಗಿ ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದೆಂದು ನಾವು ಬೋಧಿಸುವ ಶಾಸನವು 1290ನೆಯ ಶಕವರ್ಷದ ಶಾಸನದ ನಂತರ ಬಂದು ನಿಲ್ಲುತ್ತದೆ. ಖಾಲಿ ಸಾಲುಗಳನ್ನು ಮೊದಲಿಗೆ ತರುವ ಆಯ್ಕೆಯೂ ಇದೆಯಾದರೂ ಅದು ಪರಿಹಾರವಾಗಲಾರದು. ಕಾಲ ನಮೂದಾಗದ 14ನೆಯ ಶತಮಾನದ ವೀರಗಲ್ಲೂ ಆಗ ಮೊದಲಿಗೆ ಬರುತ್ತದೆ. ಸರಿಯಾದ ಮಾರ್ಗವೆಂದರೆ ಶಾಸನೋಕ್ತ ವರ್ಷಕ್ಕೆ ಒಂದು ಅಂಕಣ, ವಿದ್ವಾಂಸರು ಊಹಿಸಿದ ಕಾಲದ ಆರಂಭಕ್ಕೆ ಒಂದು, ಅಂತ್ಯಕ್ಕೆ ಒಂದು, ಊಹೆಯ ಆಧಾರಕ್ಕೆ ಮತ್ತೊಂದು ಅಂಕಣವನ್ನು ಇರಿಸುವುದು. ಆಗ ಶಾಸನ ಹೇಳುವ ಮಾತು ಮತ್ತು ನಾವು ಹೇಳುವ ಮಾತು ಬೆರೆತುಹೋಗುವುದಿಲ್ಲ.

ಶಕವರ್ಷಕ್ಕೆ 78ನ್ನು ಕೂಡಿಸಿ ಕ್ರಿಸ್ತಶಕವನ್ನು ಪಡೆಯುವ ಸೂತ್ರವನ್ನು ಇಡೀ ಅಂಕಣಕ್ಕೆ ಒಂದೇ ಸಾಲಿನ ಆದೇಶದಿಂದ ಅನ್ವಯಿಸಬಹುದು. ಬಾದಾಮಿಗೆ 543, ಬೇಲೂರಿಗೆ 1117 ಎಂಬ ಒಪ್ಪಿತ ವರ್ಷಗಳು ದೊರೆಯುತ್ತವೆ. ಆತಕೂರಿಗೆ ಮಾತ್ರ 950 ಎಂದು ಬರುತ್ತದೆ. ವಿದ್ವಾಂಸರು ನೀಡುವ ಕಾಲ 949-50. ಶಕವರ್ಷವು ಗತವೋ ವರ್ತಮಾನವೋ ಎಂಬ ವ್ಯತ್ಯಾಸವನ್ನೂ, ಎರಡು ವರ್ಷಗಣನೆಗಳ ಆರಂಭದ ತಿಂಗಳುಗಳು ಬೇರೆಯಾಗಿರುವುದನ್ನೂ ಸೂತ್ರವು ಅರಿಯದು. ಅನುಕ್ರಮಕ್ಕೆ ಈ ಒಂದು ವರ್ಷದ ಅಂತರ ದೊಡ್ಡದಲ್ಲದಿರಬಹುದು; ಶತಮಾನದ ಗಡಿಯಲ್ಲಿರುವ ಶಾಸನವನ್ನು ಗುಂಪಿಗೆ ಸೇರಿಸುವಾಗ ಅದೇ ನಿರ್ಣಾಯಕವಾಗುತ್ತದೆ.

4. ಅಕಾರಾದಿ ಮತ್ತು ಸಂಕೇತ ಸಂಖ್ಯೆ

ಸ್ಥಳನಾಮ ಅಥವಾ ಶಬ್ದಗಳನ್ನು ಅನುಕ್ರಮಗೊಳಿಸುವಾಗ ಬೇರೆಯೇ ಒಂದು ತೊಡಕು ಎದುರಾಗುತ್ತದೆ. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ಅನುಸ್ವಾರದ ಸಂಖ್ಯೆ 3202, ಅಕಾರದ್ದು 3205, ಕಕಾರದ್ದು 3221, ಹಕಾರದ್ದು 3257. ದೀರ್ಘ ಆಕಾರದ ಸ್ವರಚಿಹ್ನೆ 3262. ವಿರಾಮ ಚಿಹ್ನೆ 3277. ಪೈಥಾನ್ ಎರಡು ಶಬ್ದಗಳನ್ನು ಹೋಲಿಸುವುದು ಈ ಸಂಖ್ಯೆಗಳ ಮೂಲಕವೇ. ಬಹುಪಾಲು ಶಬ್ದಗಳಲ್ಲಿ ಇದು ನಮ್ಮ ನಿಘಂಟುಗಳ ಕ್ರಮಕ್ಕೆ ಹೊಂದುತ್ತದೆ: ಅಂಕ, ಅಕಾರ, ಅಕ್ಕ ಎಂಬ ಮೂರೂ ಸರಿಯಾದ ಸ್ಥಾನದಲ್ಲಿಯೇ ನಿಲ್ಲುತ್ತವೆ.

ಹೊಂದದಿರುವುದು ಎರಡು ಅಕ್ಷರಗಳ ವಿಷಯದಲ್ಲಿ. ಮೊದಲನೆಯದು ಳಕಾರ. ನಮ್ಮ ವರ್ಣಮಾಲೆಯಲ್ಲಿ ಇದು ಹಕಾರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಇದರ ಸಂಖ್ಯೆ 3251. ಅಂದರೆ ಲಕಾರಕ್ಕೂ ವಕಾರಕ್ಕೂ ನಡುವಣ ಸ್ಥಾನ. ಆದುದರಿಂದ ಬಲ, ಬವಣೆ, ಬಸವ, ಬಹಳ, ಬಳೆ ಎಂದು ಇರಬೇಕಾದ ಪಟ್ಟಿ ಬಲ, ಬಳೆ, ಬವಣೆ, ಬಸವ, ಬಹಳ ಎಂದಾಗುತ್ತದೆ. ಸ್ಥಳನಾಮ ಸೂಚಿಯಲ್ಲಿ ಬಸರಾಳಿಗಿಂತ ಮೊದಲು ಬಳ್ಳಿಗಾವೆ ಬರುತ್ತದೆ. ಎರಡನೆಯದು ಹಳಗನ್ನಡದ ೞಕಾರ. ಇದರ ಸಂಖ್ಯೆ 3294; ಎಲ್ಲ ವ್ಯಂಜನಗಳ, ಸ್ವರಚಿಹ್ನೆಗಳ, ವಿರಾಮ ಚಿಹ್ನೆಯ ನಂತರದ್ದು. ಪರಿಣಾಮವಾಗಿ ಪೞಿ ಎಂಬ ಶಬ್ದವು ಪಾಲ್ ಎಂಬುದಕ್ಕಿಂತ ಹಿಂದೆ ಬರಬೇಕಾದುದು, ಪೌಳಿ, ಪ್ರಜೆ ಮೊದಲಾದುವನ್ನೂ ದಾಟಿ ಪಕಾರದ ಕೊನೆಗೆ ಹೋಗಿ ಬೀಳುತ್ತದೆ. ಹಳಗನ್ನಡ ಕಾವ್ಯದ ಪದಸೂಚಿಯನ್ನು ಹೀಗೆ ಸಿದ್ಧಪಡಿಸಿದರೆ, ಓದುಗನು ಪೞಿ ಶಬ್ದವನ್ನು ಅದರ ಸ್ಥಾನದಲ್ಲಿ ಹುಡುಕಿ, ಕಾಣದೆ, ಆ ಕಾವ್ಯದಲ್ಲಿ ಆ ಶಬ್ದವೇ ಇಲ್ಲವೆಂದು ತಿಳಿಯುವನು.

ಇದಕ್ಕೆ ಪರಿಹಾರ ಸರಳವಾಗಿದೆ. ಹಕಾರದ 3257ರ ನಂತರ 3258 ಮತ್ತು 3259 ಎಂಬ ಎರಡು ಸ್ಥಾನಗಳು ಕನ್ನಡ ವಿಭಾಗದಲ್ಲಿ ಯಾವ ಅಕ್ಷರಕ್ಕೂ ನಿಗದಿಯಾಗಿಲ್ಲ. ಹೋಲಿಕೆಗೆಂದು ಸಿದ್ಧಪಡಿಸುವ ಕೀಲಿಯಲ್ಲಿ ಳಕಾರವನ್ನು 3258ಕ್ಕೂ ೞಕಾರವನ್ನು 3259ಕ್ಕೂ ಬದಲಿಸಿದರೆ ಇವೆರಡೂ ಹಕಾರದ ನಂತರ, ಸ್ವರಚಿಹ್ನೆಗಳಿಗಿಂತ ಮೊದಲು ಬಂದು ನಿಲ್ಲುತ್ತವೆ. ಪೈಥಾನ್‌ನ ಟ್ರಾನ್ಸ್‌ಲೇಟ್ ಎಂಬ ಆದೇಶ ಇದಕ್ಕೆ ಸಾಕಾಗುತ್ತದೆ. ಈ ಬದಲಾವಣೆಯನ್ನು ಕೀಲಿಯಲ್ಲಿ ಮಾತ್ರ ಮಾಡಬೇಕು. ಮೂಲ ಅಂಕಣವನ್ನು ಮುಟ್ಟಕೂಡದು.

5. ಗುಂಪುಗೂಡಿಸುವಿಕೆಯ ಸ್ವರೂಪ

ಗುಂಪುಗೂಡಿಸುವಿಕೆಯನ್ನು ಮೂರು ಹಂತಗಳ ಕ್ರಿಯೆಯೆಂದು ವಿವರಿಸುವುದುಂಟು: ಸಾಲುಗಳನ್ನು ಒಂದು ಲಕ್ಷಣದ ಆಧಾರದಿಂದ ಬೇರ್ಪಡಿಸುವುದು, ಪ್ರತಿ ಗುಂಪಿನ ಮೇಲೂ ಒಂದು ಲೆಕ್ಕಾಚಾರವನ್ನು ನಡೆಸುವುದು, ಫಲಿತಾಂಶಗಳನ್ನು ಮತ್ತೆ ಒಂದು ಕೋಷ್ಟಕವಾಗಿ ಕೂಡಿಸುವುದು. ಹ್ಯಾಡ್ಲಿ ವಿಕ್‌ಹ್ಯಾಮ್ ಅವರ 2011ರ ಪ್ರಬಂಧವೊಂದು ಈ ನಿರೂಪಣೆಯನ್ನು ಪ್ರಚುರಪಡಿಸಿತು. ಪಾಂಡಾಸ್‌ನಲ್ಲಿ ಇದನ್ನು ನಡೆಸುವ ಆದೇಶಕ್ಕೆ ಗ್ರೂಪ್‌ಬೈ ಎಂದು ಹೆಸರು. ಜಿಲ್ಲೆಯ ಆಧಾರದಿಂದ ನಮ್ಮ ಕೋಷ್ಟಕವನ್ನು ಗುಂಪುಗೂಡಿಸಿ ಎಣಿಸಿದರೆ ಗದಗ 1, ಬಾಗಲಕೋಟೆ 2, ಮಂಡ್ಯ 1, ಹಾಸನ 3 ಎಂಬ ಉತ್ತರ ಬರುತ್ತದೆ. ಗುಂಪುಗಳ ಹೆಸರುಗಳು ತಾವಾಗಿಯೇ ಅನುಕ್ರಮಗೊಳ್ಳುತ್ತವೆ. ಗುಂಪಿನ ಒಳಗೆ ಸಾಲುಗಳು ಮೂಲ ಕೋಷ್ಟಕದ ಕ್ರಮದಲ್ಲಿಯೇ ಉಳಿಯುತ್ತವೆ.

ಪೈಥಾನ್‌ನೊಳಗೇ ಇರುವ ಇನ್ನೊಂದು ಗ್ರೂಪ್‌ಬೈ ಇದೆ. ಐಟರ್‌ಟೂಲ್ಸ್ ವಿಭಾಗದ ಈ ಆದೇಶವು ಅಕ್ಕಪಕ್ಕದಲ್ಲಿರುವ ಸಮಾನ ಸಾಲುಗಳನ್ನು ಮಾತ್ರ ಒಂದು ಗುಂಪಾಗಿ ನೋಡುತ್ತದೆ. ಮೇಲಿನ ಕೋಷ್ಟಕವನ್ನು ಹಾಗೆಯೇ ಅದಕ್ಕೆ ಒಪ್ಪಿಸಿದರೆ ಹಲ್ಮಿಡಿಯಿಂದಾಗಿ ಹಾಸನ ಒಮ್ಮೆ, ಬೇಲೂರು ಮತ್ತು ಶ್ರವಣಬೆಳಗೊಳಗಳಿಂದಾಗಿ ಹಾಸನ ಮತ್ತೊಮ್ಮೆ ಬಂದು, ನಾಲ್ಕರ ಬದಲು ಐದು ಗುಂಪುಗಳಾಗುತ್ತವೆ. ಆದುದರಿಂದ ಅಲ್ಲಿ ಗುಂಪುಗೂಡಿಸುವ ಮೊದಲು ಅನುಕ್ರಮಗೊಳಿಸುವುದು ಕಡ್ಡಾಯ.

ಅನುಕ್ರಮಗೊಳಿಸುವಾಗ ಸಮಾನ ಮೌಲ್ಯದ ಸಾಲುಗಳು ತಮ್ಮ ಪೂರ್ವಕ್ರಮವನ್ನು ಕಾಯ್ದುಕೊಳ್ಳುತ್ತವೆಯೇ ಎಂಬುದೂ ವಿಚಾರಾರ್ಹ. ಪೈಥಾನ್‌ನ ಸ್ವಂತ ವಿಧಾನವಾದ ಟಿಮ್‌ಸಾರ್ಟ್ ಅನ್ನು ಟಿಮ್ ಪೀಟರ್ಸ್ ಅವರು 2002ರಲ್ಲಿ ರಚಿಸಿದರು. ಅದು ಪೂರ್ವಕ್ರಮವನ್ನು ಕಾಯುತ್ತದೆ. ಪಾಂಡಾಸ್‌ನಲ್ಲಿ ಒಂದೇ ಅಂಕಣದ ಮೇಲಿನ ಅನುಕ್ರಮಕ್ಕೆ ಪೂರ್ವನಿಯೋಜಿತವಾಗಿರುವ ವಿಧಾನವು ಅಂಥ ಭರವಸೆಯನ್ನು ನೀಡುವುದಿಲ್ಲ. ಮೊದಲು ವರ್ಷದಿಂದ, ಅನಂತರ ಜಿಲ್ಲೆಯಿಂದ ಎಂದು ಎರಡು ಬಾರಿ ಜೋಡಿಸಿದರೆ ವರ್ಷದ ಕ್ರಮ ಕದಡಿಹೋಗಬಹುದು. ಜಿಲ್ಲೆ ಮತ್ತು ವರ್ಷ ಎಂಬ ಎರಡು ಅಂಕಣಗಳನ್ನೂ ಒಂದೇ ಆದೇಶದಲ್ಲಿ ನೀಡುವುದು ಕ್ಷೇಮ.

6. ಕಾಣೆಯಾಗುವ ಸಾಲು

ಈಗ ಶತಮಾನದ ಆಧಾರದಿಂದ ಎಣಿಸೋಣ. ಶಕವರ್ಷದಿಂದ ಲೆಕ್ಕಹಾಕಿ ಶತಮಾನವೆಂಬ ಹೊಸ ಅಂಕಣವನ್ನು ರಚಿಸಿ ಗುಂಪುಗೂಡಿಸಿದರೆ 6, 7, 10, 11, 12 ಮತ್ತು 14ನೆಯ ಶತಮಾನಗಳಿಗೆ ಒಂದೊಂದು ಶಾಸನ ಸಿಗುತ್ತದೆ. ಮೊತ್ತ ಆರು. ಕೋಷ್ಟಕದಲ್ಲಿ ಇದ್ದುದು ಏಳು. ಕೀಲಿಯ ಮೌಲ್ಯ ಇಲ್ಲದ ಸಾಲುಗಳನ್ನು ಪಾಂಡಾಸ್‌ನ ಗ್ರೂಪ್‌ಬೈ ಯಾವ ಎಚ್ಚರಿಕೆಯನ್ನೂ ನೀಡದೆ ಕೈಬಿಡುತ್ತದೆ. ಹಾಗೆ ಬಿಟ್ಟುಹೋದುದು ಹಲ್ಮಿಡಿ ಶಾಸನ. ಅಂಥ ಸಾಲುಗಳನ್ನೂ ಒಂದು ಪ್ರತ್ಯೇಕ ಗುಂಪಾಗಿ ಉಳಿಸಿಕೊಳ್ಳುವ ಆಯ್ಕೆಯನ್ನು 2020ರ 1.1ನೆಯ ಆವೃತ್ತಿಯಲ್ಲಿ ಒದಗಿಸಲಾಗಿದೆ. ಆದರೆ ಬಳಕೆದಾರನು ಅದನ್ನು ಸ್ಪಷ್ಟವಾಗಿ ಕೇಳಬೇಕು.

ಇದು ತಾಂತ್ರಿಕ ಸಂಗತಿಯಷ್ಟೇ ಎಂದು ತಳ್ಳಿಹಾಕುವಂತಿಲ್ಲ. ಶಕವರ್ಷವನ್ನು ನಮೂದಿಸದಿರುವುದು ಪ್ರಾಚೀನ ಶಾಸನಗಳಲ್ಲಿಯೂ, ಸಾಮಾನ್ಯ ಜನರಿಗಾಗಿ ನಿಲ್ಲಿಸಿದ ವೀರಗಲ್ಲು, ನಿಸಿದಿಗಲ್ಲುಗಳಲ್ಲಿಯೂ ಕಂಡುಬರುವ ಸಂಗತಿ. ಕಾಲವಿಲ್ಲದ ಸಾಲುಗಳು ಹೊರಬಿದ್ದರೆ ಉಳಿಯುವ ಚಿತ್ರವು ವರ್ಷ ಬರೆಯಿಸಬಲ್ಲ ಅರಮನೆ ಮತ್ತು ದೇವಾಲಯಗಳ ಚಿತ್ರವಾಗುತ್ತದೆ. ಅಂತಹ ಎಣಿಕೆಯ ಮೇಲೆ ಪಕಾರವು ಹಕಾರವಾದ ಕಾಲವನ್ನೋ ೞಕಾರವು ಮರೆಯಾದ ಕಾಲವನ್ನೋ ನಿರ್ಧರಿಸಿದರೆ ತೀರ್ಮಾನವು ಒಂದು ಕಡೆಗೆ ವಾಲುವುದು ಖಂಡಿತ. ಗುಂಪುಗಳ ಮೊತ್ತವನ್ನು ಮೂಲ ಸಾಲುಗಳ ಸಂಖ್ಯೆಯೊಡನೆ ಪ್ರತಿ ಬಾರಿಯೂ ತಾಳೆನೋಡುವುದು ಇದಕ್ಕಿರುವ ಸುಲಭವಾದ ರಕ್ಷೆ.

7. ಒಂದೇ ಹೆಸರಿನ ಹಲವು ರೂಪಗಳು

ಯಂತ್ರಕ್ಕೆ ಎರಡು ಹೆಸರುಗಳು ಒಂದೆನಿಸಬೇಕಾದರೆ ಅವುಗಳ ಸಂಕೇತ ಸಂಖ್ಯೆಗಳು ಅಕ್ಷರಶಃ ಒಂದೇ ಆಗಿರಬೇಕು. ಕನ್ನಡದಲ್ಲಿ ಈ ನಿಯಮ ಮುರಿಯುವ ಸಂದರ್ಭಗಳು ಹಲವು. ಬೇಲೂರು ಎಂಬಲ್ಲಿನ ಏತ್ವದ ದೀರ್ಘವನ್ನು 3271 ಎಂಬ ಒಂದೇ ಸಂಖ್ಯೆಯಿಂದಲೂ, 3270 ಮತ್ತು 3285 ಎಂಬ ಎರಡು ಸಂಖ್ಯೆಗಳಿಂದಲೂ ಬರೆಯಬಹುದು. ಓದುವವನಿಗೆ ಎರಡೂ ಒಂದೇ, ಗುಂಪುಗಳಾಗುವುದು ಎರಡು. ಯೂನಿಕೋಡ್ ಇವೆರಡನ್ನೂ ಸಮಾನವೆಂದು ಘೋಷಿಸಿರುವುದರಿಂದ ಸಮೀಕರಣದ ಆದೇಶದಿಂದ ಒಂದಾಗಿಸಲು ಸಾಧ್ಯ. ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿ ಬರೆದ ಮಂಡ್ಯದ ಸಮಸ್ಯೆ ಇದಕ್ಕಿಂತ ಕಠಿಣ. ಅನುಸ್ವಾರ 3202, ಸೊನ್ನೆ 3302. ರೂಪ ಹೋಲುತ್ತದೆಯಾದರೂ ಯೂನಿಕೋಡ್ ದೃಷ್ಟಿಯಲ್ಲಿ ಇವು ಬೇರೆ ಬೇರೆ ಚಿಹ್ನೆಗಳು, ಸಮೀಕರಣದಿಂದ ಸರಿಹೋಗುವುದಿಲ್ಲ. ಅಕ್ಷರಗಳ ನಡುವೆ ಬಂದ ಸೊನ್ನೆಯನ್ನು ಹುಡುಕಿ ತಿದ್ದುವ ಒಂದು ನಿಯಮವನ್ನು ನಾವೇ ಬರೆಯಬೇಕು. ಒತ್ತಕ್ಷರವನ್ನು ತಡೆಯಲು ಬಳಸುವ, ಕಣ್ಣಿಗೆ ಕಾಣದ 8204ನೆಯ ಚಿಹ್ನೆ, ಪದದ ಕೊನೆಯಲ್ಲಿ ಉಳಿದ ತೆರವು ಮೊದಲಾದುವೂ ಇದೇ ಬಗೆಯ ತೊಂದರೆ ಕೊಡುತ್ತವೆ.

ಇವೆಲ್ಲ ಬರೆವಣಿಗೆಯ ದೋಷಗಳು, ತಿದ್ದಿದರೆ ನಷ್ಟವಿಲ್ಲ. ಏೞು ಮತ್ತು ಏಳು ಎಂಬ ರೂಪಗಳ ವಿಷಯ ಹಾಗಲ್ಲ. ಶಬ್ದದ ಪ್ರಯೋಗವನ್ನು ಎಣಿಸುವವನಿಗೆ ಇವು ಒಂದೇ ಗುಂಪಾಗಬೇಕು. ಭಾಷಾ ಚರಿತ್ರೆಯನ್ನು ಬರೆಯುವವನಿಗೆ ಇವುಗಳ ವ್ಯತ್ಯಾಸವೇ ಆಧಾರ. ಮೂಲರೂಪದ ಅಂಕಣವನ್ನು ಹಾಗೆಯೇ ಉಳಿಸಿ, ಏಕರೂಪಕ್ಕೆ ಇನ್ನೊಂದು ಅಂಕಣವನ್ನು ಸೇರಿಸಿದಾಗ ಮಾತ್ರ ಇಬ್ಬರಿಗೂ ಒಂದೇ ಕೋಷ್ಟಕ ಉಪಯುಕ್ತವಾಗುತ್ತದೆ.

8. ಗುಂಪು ಎಂಬುದು ಒಂದು ನಿರ್ಣಯ

ಜಿಲ್ಲೆಯಂತಹ ಸರಳ ಲಕ್ಷಣವೂ ಸ್ಥಿರವಾದುದಲ್ಲ. ಬಾಗಲಕೋಟೆ ಮತ್ತು ಗದಗ ಜಿಲ್ಲೆಗಳು 1997ರಲ್ಲಿ ಕ್ರಮವಾಗಿ ಬಿಜಾಪುರ ಮತ್ತು ಧಾರವಾಡ ಜಿಲ್ಲೆಗಳಿಂದ ಬೇರೆಯಾದುವು. ಮಂಡ್ಯವು 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಯಿತು. ಹಳೆಯ ಸಂಪುಟದಿಂದ ತೆಗೆದ ಸಾಲೂ ಹೊಸ ಸಂಪುಟದಿಂದ ತೆಗೆದ ಸಾಲೂ ಒಂದೇ ಊರಿನವಾಗಿದ್ದರೂ ಎರಡು ಜಿಲ್ಲೆಗಳ ಲೆಕ್ಕಕ್ಕೆ ಸೇರುತ್ತವೆ. ಯಾವ ವರ್ಷದ ಜಿಲ್ಲಾ ವಿಭಜನೆಯನ್ನು ಅನುಸರಿಸಲಾಗಿದೆ ಎಂಬುದನ್ನು ಪ್ರಬಂಧದಲ್ಲಿ ಹೇಳದಿದ್ದರೆ ಎಣಿಕೆಗೆ ಅರ್ಥವಿಲ್ಲ.

ರಾಜವಂಶದ ಅಂಕಣದಲ್ಲಿ ಸಮಸ್ಯೆ ಇನ್ನೂ ಆಳವಾಗಿದೆ. ಚಾಲುಕ್ಯ ಎಂದಷ್ಟೇ ಬರೆದಿರುವುದರಿಂದ ಬಾದಾಮಿ, ಐಹೊಳೆ, ಲಕ್ಕುಂಡಿಗಳು ಒಂದೇ ಗುಂಪಿಗೆ ಬರುತ್ತವೆ. ಆ ಗುಂಪಿನ ಮೊದಲ ಮತ್ತು ಕೊನೆಯ ವರ್ಷಗಳನ್ನು ಕೇಳಿದರೆ 543 ಮತ್ತು 1007 ದೊರೆತು, 464 ವರ್ಷಗಳ ಅವಿಚ್ಛಿನ್ನ ಆಳ್ವಿಕೆಯ ಭ್ರಮೆ ಹುಟ್ಟುತ್ತದೆ. ಬಾದಾಮಿಯ ಚಾಲುಕ್ಯರಿಗೂ ಕಲ್ಯಾಣದ ಚಾಲುಕ್ಯರಿಗೂ ನಡುವೆ ರಾಷ್ಟ್ರಕೂಟರ ಕಾಲವಿದೆಯೆಂಬುದು ಕೋಷ್ಟಕಕ್ಕೆ ತಿಳಿಯದು. ಆತಕೂರು ಶಾಸನದಲ್ಲಾದರೋ ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ಇಬ್ಬರೂ ಇದ್ದಾರೆ. ಅದನ್ನು ಎರಡೂ ಗುಂಪುಗಳಿಗೆ ಸೇರಿಸಬೇಕಾದರೆ ಒಂದು ಸಾಲನ್ನು ಎರಡಾಗಿ ಬಿಡಿಸಬೇಕು; ಪಾಂಡಾಸ್‌ನಲ್ಲಿ ಇದಕ್ಕೆ ಎಕ್ಸ್‌ಪ್ಲೋಡ್ ಎಂಬ ಆದೇಶವಿದೆ. ಆಗ ಗುಂಪುಗಳ ಮೊತ್ತ ಎಂಟಾಗುತ್ತದೆ. ಶಾಸನಗಳು ಏಳೇ ಎಂಬುದನ್ನು ಮರೆತು ಶೇಕಡಾವಾರು ಲೆಕ್ಕಹಾಕಿದರೆ ಫಲಿತಾಂಶ ತಪ್ಪಾಗುತ್ತದೆ.

ವಚನ ಸಾಹಿತ್ಯದಲ್ಲಿಯೂ ಇದೇ ಪರಿಸ್ಥಿತಿಯುಂಟು. ಜೇಡರ ದಾಸಿಮಯ್ಯ ಮತ್ತು ದೇವರ ದಾಸಿಮಯ್ಯ ಒಬ್ಬನೇ ಅಥವಾ ಇಬ್ಬರೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ವಚನಕಾರರ ಕೋಷ್ಟಕವನ್ನು ಹೆಸರಿನಿಂದ ಗುಂಪುಗೂಡಿಸುವವನು ಎರಡು ಹೆಸರುಗಳನ್ನು ಒಂದಾಗಿಸಿದರೂ ಬೇರೆಯಾಗಿಯೇ ಇಟ್ಟರೂ ಆ ಚರ್ಚೆಯಲ್ಲಿ ಒಂದು ಪಕ್ಷವನ್ನು ವಹಿಸಿದಂತೆಯೇ ಸರಿ. ಯಂತ್ರಕ್ಕೆ ಅದು ಒಂದು ಸಾಲಿನ ಆದೇಶ. ಸಂಶೋಧಕನಿಗೆ ಅದು ಸಮರ್ಥಿಸಬೇಕಾದ ನಿಲುವು.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಅನುಕ್ರಮಗೊಳಿಸುವ ಮೊದಲು ಅಂಕಣವು ಸಂಖ್ಯೆಯೋ ಪಠ್ಯವೋ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಕನ್ನಡ ಶಬ್ದಗಳಿಗೆ ಳಕಾರ, ೞಕಾರಗಳನ್ನು ಸರಿಪಡಿಸಿದ ಪ್ರತ್ಯೇಕ ಕೀಲಿಯನ್ನು ಬಳಸಬೇಕು. ಗುಂಪುಗೂಡಿಸುವ ಮೊದಲು ಬರೆವಣಿಗೆಯ ರೂಪಗಳನ್ನು ಸಮೀಕರಿಸಬೇಕು, ಮೂಲಪಾಠವನ್ನು ಅಳಿಸಬಾರದು. ಖಾಲಿ ಮೌಲ್ಯದ ಸಾಲುಗಳು ಎಲ್ಲಿ ಹೋದುವೆಂಬುದನ್ನು ಮೊತ್ತದ ಮೂಲಕ ಪರಿಶೀಲಿಸಬೇಕು. ಗುಂಪಿನ ಲಕ್ಷಣವನ್ನು ಯಾವ ಆಧಾರದಿಂದ ನಿರ್ಧರಿಸಲಾಯಿತೆಂಬುದನ್ನು ಫಲಿತಾಂಶದ ಜೊತೆಯಲ್ಲಿಯೇ ದಾಖಲಿಸಬೇಕು.

ಸ್ನಾತಕೋತ್ತರ ತರಗತಿಗಳ ಗ್ರಂಥಸಂಪಾದನೆ ಮತ್ತು ಶಾಸನಶಾಸ್ತ್ರದ ಪಾಠಗಳಲ್ಲಿ ಪಾಠಾಂತರಗಳನ್ನು ಗುರುತಿಸುವ ಶಿಸ್ತನ್ನು ನಾವು ಬೋಧಿಸುತ್ತಲೇ ಬಂದಿದ್ದೇವೆ. ಯಾವ ಪಾಠವನ್ನು ಸ್ವೀಕರಿಸಲಾಯಿತು, ಯಾವುದನ್ನು ಏಕೆ ಬಿಡಲಾಯಿತು ಎಂಬುದನ್ನು ಅಡಿಟಿಪ್ಪಣಿಯಲ್ಲಿ ತಿಳಿಸುವುದು ಸಂಪಾದಕನ ಕರ್ತವ್ಯ. ಕೋಷ್ಟಕವನ್ನು ಗುಂಪುಗೂಡಿಸುವ ಸಂಶೋಧಕನಿಗೂ ಅದೇ ಕರ್ತವ್ಯವಿದೆ. ಹತ್ತು ಸಾಲುಗಳ ಆದೇಶವನ್ನು ಪ್ರಬಂಧದ ಅನುಬಂಧದಲ್ಲಿ ಮುದ್ರಿಸಿದರೆ, ಇನ್ನೊಬ್ಬರು ಅದೇ ಕೋಷ್ಟಕದ ಮೇಲೆ ಅದನ್ನು ನಡೆಸಿ, ಹಲ್ಮಿಡಿಯ ಸಾಲು ಎಲ್ಲಿದೆಯೆಂದು ಸ್ವತಃ ನೋಡಿಕೊಳ್ಳಬಲ್ಲರು.